ರಾತ್ರಿ ಹೊಲದ ಕಡೆಯಿಂದ ಗುಂಡಿನ ಸದ್ದು: ಏನು ಹಾರುತ್ತಿದೆ, ಎಲ್ಲಿಂದ, ಯಾರಿಗೆ ಹೇಳುವುದು?

ಹೊಲದಂಚು (ಪ್ರಶ್ನೆ):

ಒಂಟಿ ಮನೆ. ಮೂರು ಕಡೆ ಹೊಲ, ಒಂದು ಕಡೆ ಕುರುಚಲು ಗುಡ್ಡ. ವಾರದಲ್ಲಿ ಮೂರು ನಾಲ್ಕು ರಾತ್ರಿ, ಹತ್ತೂವರೆ ದಾಟಿದ ಮೇಲೆ ಗುಂಡು ಹಾರಿಸುವ ಸದ್ದು ಶುರುವಾಗುತ್ತದೆ. ಕೆಲವು ಸಲ ಎರಡು ಗಂಟೆವರೆಗೂ ನಿಲ್ಲುವುದಿಲ್ಲ. ಒಂದು ರಾತ್ರಿ ಐದಾರು ಈಡು, ಇನ್ನೊಂದು ರಾತ್ರಿ ಮೂವತ್ತಕ್ಕೂ ಮೇಲೆ. ಗುಡ್ಡದ ಬದಿಯಲ್ಲಿ ಬೆಳಕು ಓಡಾಡುವುದು ಕಾಣುತ್ತದೆ. ನಾಯಿ ಮಂಚದ ಕೆಳಗೆ ಸೇರಿ ನಡುಗುತ್ತದೆ, ದನಗಳು ಹಗ್ಗ ಜಗ್ಗುತ್ತವೆ, ಮಕ್ಕಳು ಎದ್ದು ಕೂರುತ್ತಾರೆ.

ಕಾಡುಪ್ರಾಣಿಗಳಿಂದ ಬೆಳೆ ಹಾಳಾಗುತ್ತಿರುವುದು ನಿಜ. ಬೆಳೆ ಕಾಯುವವರ ಜೊತೆ ಹಗೆ ಕಟ್ಟಿಕೊಳ್ಳುವ ಇರಾದೆ ಇಲ್ಲ. ಆದರೆ ಯಾರು, ಏನನ್ನು, ಯಾವ ಕಡೆಗೆ ಹೊಡೆಯುತ್ತಿದ್ದಾರೆ ಎಂಬುದೇ ತಿಳಿಯದೆ ಮಲಗುವುದು ಕಷ್ಟ. ಸದ್ದು ಕೇಳಿಯೇ ಆಯುಧ, ದೂರ, ದಿಕ್ಕು ಗೊತ್ತುಮಾಡಬಹುದೇ? ಜಮೀನಿನವರ ಹತ್ತಿರ ಹೋಗುವುದು ಯಾವಾಗ, ಪೊಲೀಸರಿಗೆ ಹೇಳುವುದು ಯಾವಾಗ? ಎಂಥ ದಾಖಲೆ ಇಟ್ಟರೆ ದೂರಿಗೆ ಬೆಲೆ ಬರುತ್ತದೆ?

ನಳಿಕೆ:

ಮೊದಲು ಅದು ಕೋವಿಯೇ ಹೌದೇ ಎಂದು ನೋಡಿ. ರಾತ್ರಿಯ ‘ಗುಂಡು’ ಎಂದು ಬರುವ ದೂರುಗಳಲ್ಲಿ ಗ್ಯಾಸ್ ಗನ್ ಮತ್ತು ಪಟಾಕಿಯೂ ಬೆರೆತಿರುತ್ತವೆ. ಮೂರಕ್ಕೂ ಪರಿಹಾರ ಬೇರೆ ಬೇರೆ.

ಗ್ಯಾಸ್ ಗನ್ ಎಂದರೆ ಸದ್ದು ಮಾಡಿ ಪ್ರಾಣಿಗಳನ್ನು ಬೆದರಿಸುವ ಯಂತ್ರ. ಅಡುಗೆ ಅನಿಲದಂಥ ಇಂಧನ ಒಂದು ಕೋಣೆಯಲ್ಲಿ ತುಂಬುತ್ತದೆ, ಕಿಡಿ ಹತ್ತುತ್ತದೆ, ಕೊಳವೆಯಿಂದ ಬರೀ ಸದ್ದು ಹೊರಡುತ್ತದೆ. ಅದರಿಂದ ಏನೂ ಹಾರುವುದಿಲ್ಲ. ಗುರುತು ಹಿಡಿಯುವುದು ಸುಲಭ: ಸದ್ದು ಪ್ರತಿ ಸಲವೂ ಒಂದೇ ಜಾಗದಿಂದ, ಒಂದೇ ಗಾತ್ರದಲ್ಲಿ ಬರುತ್ತದೆ, ನಡುವಿನ ಅಂತರಕ್ಕೆ ಒಂದು ಲೆಕ್ಕ ಇರುತ್ತದೆ. ಕೆಲವು ಮಾದರಿಗಳು ಎರಡೆರಡು ಅಥವಾ ಮೂರು ಮೂರು ಸದ್ದಿನ ಗುಂಪು ಬಿಡುತ್ತವೆ. ಗಡಿಯಾರ ಹಿಡಿದು ಹತ್ತು ಸದ್ದಿನ ಅಂತರ ಬರೆದುಕೊಳ್ಳಿ. ಎಂಟೆಂಟು ನಿಮಿಷಕ್ಕೆ ಸರಿಯಾಗಿ ಬರುತ್ತಿದ್ದರೆ ಅಲ್ಲಿ ಮನುಷ್ಯನ ಕೈಯಿಲ್ಲ. ಹಗಲು ಮಾತ್ರ ನಡೆಯಬೇಕಾದ ಯಂತ್ರ ರಾತ್ರಿ ಸದ್ದು ಮಾಡಲು ಸಾಮಾನ್ಯ ಕಾರಣ, ಬ್ಯಾಟರಿ ಬದಲಿಸಿದಾಗ ಟೈಮರ್ ಮೊದಲಿನ ಸ್ಥಿತಿಗೆ ಹೋಗಿ ಹಗಲು ರಾತ್ರಿ ತಿರುಗುಮುರುಗಾಗುವುದು. ಅದರ ಒಡೆಯರಿಗೆ ಗೊತ್ತೇ ಇರುವುದಿಲ್ಲ. ಹೇಳಿದರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ.

ಪಟಾಕಿಗೆ ಸಿಡಿತ ಮಾತ್ರ. ಉದ್ದ ಉರುಳುವ ಸದ್ದು ಇರುವುದಿಲ್ಲ, ಒಂದೇ ರಾತ್ರಿಯಲ್ಲಿ ಗಾತ್ರ ಏರುಪೇರಾಗುತ್ತದೆ.

ಚರೆ (ಸಣ್ಣ ಸಣ್ಣ ಲೋಹದ ಗುಂಡುಗಳು) ತುಂಬಿದ ತೋಟಾ ಹಾರಿಸುವ ಕೋವಿಯದು ದಪ್ಪ, ಮಂದವಾದ ‘ಧಡ್’. ಜೋಡಿ ನಳಿಕೆಯಾದರೆ ಎರಡು ಈಡು ಬೇಗ ಬೇಗ ಬಂದು, ಮತ್ತೆ ತುಂಬಲು ಬಿಡುವು ಬೀಳುತ್ತದೆ. ರೈಫಲ್ ಬೇರೆ. ಅದರ ಗುಂಡು ಸದ್ದಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಹೋಗುವ ದಾರಿಯುದ್ದಕ್ಕೂ ಚಾಟಿ ಬೀಸಿದಂಥ ‘ಟಪ್’ ಹುಟ್ಟುತ್ತದೆ. ನಳಿಕೆಯ ಬಾಯಿಯ ‘ಧಡ್’ ಅದರ ಹಿಂದೆ ಬರುತ್ತದೆ. ಸಣ್ಣ ಇಪ್ಪತ್ತೆರಡರ (.22 ಇಂಚಿನ ಗುಂಡಿನ) ರೈಫಲ್‌ಗೆ ಸದ್ದಿಗಿಂತ ನಿಧಾನವಾಗಿ ಹೋಗುವ ತೋಟಾ ಹಾಕಿದರೆ ಚಾಟಿ ಸದ್ದು ಇರುವುದಿಲ್ಲ. 

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಎಷ್ಟು ದೂರ ಅಪಾಯ ಎಂಬುದು. ಹಕ್ಕಿ, ಮೊಲಕ್ಕೆ ಹಾಕುವ ಸಣ್ಣ 6ನೇ ನಂಬರ್ ಚರೆ ಎಷ್ಟು ಮೇಲಕ್ಕೆ ಹಾರಿಸಿದರೂ 220 ಮೀಟರ್ ಆಸುಪಾಸಿನಲ್ಲಿ ಉದುರುತ್ತದೆ. ತುದಿಯಲ್ಲಿ ಉದುರುವ ಚರೆ ಚರ್ಮ ಸೀಳುವುದು ಕಷ್ಟ, ಕಣ್ಣಿಗೆ ಬಿದ್ದರೆ ಮಾತ್ರ ಕೆಟ್ಟದ್ದು. ದೊಡ್ಡ ಪ್ರಾಣಿಗೆ ಹಾಕುವ ದಪ್ಪ ಚರೆ 600 ಮೀಟರ್ ದಾಟುತ್ತದೆ. ಇಪ್ಪತ್ತೆರಡರ ಸಣ್ಣ ಗುಂಡೂ 1 ಕಿ.ಮೀ. ಮೀರಿ ಹೋಗುತ್ತದೆ. ದೊಡ್ಡ ರೈಫಲ್ ಗುಂಡು 3 ಕಿ.ಮೀ.ಗಿಂತ ಆಚೆಗೂ ಹೋಗಿ ಬೀಳಬಲ್ಲದು. ಆದ್ದರಿಂದ ‘ಎಷ್ಟು ದೂರದಲ್ಲಿ ಹೊಡೆದರು’ ಎನ್ನುವುದಕ್ಕಿಂತ ‘ಏನು ಹೊಡೆದರು, ಎತ್ತ ಹೊಡೆದರು, ಗುರಿಯ ಹಿಂದೆ ಮಣ್ಣಿತ್ತೇ’ ಎನ್ನುವುದು ದೊಡ್ಡ ಪ್ರಶ್ನೆ. ದಿಬ್ಬದ ಮೇಲೆ ಆಕಾಶದ ಅಂಚಿಗೆ ನಿಂತ ಪ್ರಾಣಿಗೆ ರೈಫಲ್ ಹೊಡೆಯುವುದು ಬಲ್ಲವರು ಎಂದೂ ಮಾಡದ ಕೆಲಸ. ತಪ್ಪಿದ ಗುಂಡು ದಿಬ್ಬದಾಚೆ ಎಲ್ಲಿ ಇಳಿಯುತ್ತದೋ ಹೊಡೆದವನಿಗೇ ತಿಳಿಯದು.

ದಿಕ್ಸೂಚಿ:

ನಳಿಕೆಯವರು ಹೇಳಿದ್ದಕ್ಕೆ ದೂರ ಮತ್ತು ದಿಕ್ಕಿನ ಲೆಕ್ಕ ಸೇರಿಸುತ್ತೇನೆ.

ನಳಿಕೆಯ ಮಿಂಚು ಕಂಡರೆ ಅಲ್ಲಿಂದ ಸದ್ದು ಬರುವವರೆಗೆ ಸೆಕೆಂಡು ಎಣಿಸಿ, 340ರಿಂದ ಗುಣಿಸಿ. ಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಂದು ನೆನಪಿಟ್ಟುಕೊಂಡರೂ ಸಾಕು. ಟಾರ್ಚ್ ಬೆಳಕನ್ನು ಮಿಂಚು ಎಂದು ಎಣಿಸಬೇಡಿ. ಬೆಳಕು ಹಿಡಿದವನು ಒಂದು ಕಡೆ, ಕೋವಿ ಹಿಡಿದವನು ಇನ್ನೊಂದು ಕಡೆ ಇರಬಹುದು.

ಮಿಂಚು ಕಾಣದಿದ್ದರೆ ಇಬ್ಬರು ಬೇಕು. ಕನಿಷ್ಠ 300–400 ಮೀಟರ್ ಅಂತರದ ಎರಡು ಮನೆಗಳಿಂದ ಒಂದೇ ಈಡಿನ ದಿಕ್ಕನ್ನು ಡಿಗ್ರಿಯಲ್ಲಿ ಬರೆದುಕೊಳ್ಳಿ. ನಕ್ಷೆಯ ಮೇಲೆ ಎರಡೂ ಗೆರೆ ಎಳೆದರೆ ಕೂಡುವ ಕಡೆಯೇ ಜಾಗ. ಮೊಬೈಲ್ ದಿಕ್ಸೂಚಿಯನ್ನು ಕಿಟಕಿಯ ಕಬ್ಬಿಣದ ಸರಳು, ವಾಹನ, ತಗಡಿನ ಗೋಡೆಯ ಹತ್ತಿರ ನಂಬಬೇಡಿ. ಹತ್ತಿಪ್ಪತ್ತು ಡಿಗ್ರಿ ಸುಲಭವಾಗಿ ತಪ್ಪುತ್ತದೆ. ಐದು ಡಿಗ್ರಿ ತಪ್ಪಿದರೂ ಒಂದು ಕಿ.ಮೀ. ದೂರದಲ್ಲಿ ಸುಮಾರು 90 ಮೀಟರ್ ವ್ಯತ್ಯಾಸ ಬೀಳುತ್ತದೆ. ಒಂದು ಹೊಲ ಬಿಟ್ಟು ಪಕ್ಕದ ಹೊಲದವರ ಮೇಲೆ ಆರೋಪ ಹೊರಿಸಲು ಅಷ್ಟು ಸಾಕು. ಅದಕ್ಕೆ ಒಂದೇ ರಾತ್ರಿಯ ಗೆರೆ ನೆಚ್ಚಿಕೊಂಡು ಯಾರ ಹೆಸರನ್ನೂ ಹೇಳಬೇಡಿ. ನಾಲ್ಕೈದು ರಾತ್ರಿಯ ಗೆರೆಗಳು ಒಂದೇ ಕಡೆ ಕೂಡಬೇಕು.

ಇನ್ನೂ ನಿಖರವಾಗಿ ಬೇಕಿದ್ದರೆ ಎರಡು ಮೊಬೈಲ್‌ನಲ್ಲಿ ಧ್ವನಿ ಮುದ್ರಿಸಿ. ಎರಡನ್ನೂ ಅಕ್ಕಪಕ್ಕ ಇಟ್ಟು ಮುದ್ರಣ ಶುರುಮಾಡಿ, ನಡುವೆ ನಿಂತು ಮೂರು ಸಲ ಜೋರಾಗಿ ಚಪ್ಪಾಳೆ ಹೊಡೆಯಿರಿ. ಮುದ್ರಣ ನಿಲ್ಲಿಸದೆ ಒಂದೊಂದನ್ನು ಒಂದೊಂದು ಮನೆಗೆ ಒಯ್ಯಿರಿ. ಆಮೇಲೆ ಚಪ್ಪಾಳೆಯ ಸದ್ದನ್ನು ಹೊಂದಿಸಿದರೆ ಎರಡು ಗಡಿಯಾರವೂ ಹೊಂದಿಕೊಂಡ ಹಾಗೆ. ಒಂದೇ ಈಡು ಒಂದು ಮುದ್ರಣದಲ್ಲಿ ಇನ್ನೊಂದಕ್ಕಿಂತ ಒಂದು ಸೆಕೆಂಡು ತಡವಾಗಿ ಕೇಳಿಸಿದರೆ, ಕೋವಿ ಆ ಮನೆಯಿಂದ 340 ಮೀಟರ್ ಹೆಚ್ಚು ದೂರದಲ್ಲಿದೆ ಎಂದರ್ಥ. ಮೊಬೈಲ್‌ಗಳ ಗಡಿಯಾರವನ್ನೇ ನಂಬಿ ಈ ಕೆಲಸ ಮಾಡಬೇಡಿ. ಅರ್ಧ ಸೆಕೆಂಡಿನ ತಪ್ಪಿಗೆ 170 ಮೀಟರ್ ಹೋಯಿತು.

ರಾತ್ರಿ ಸದ್ದು ಹತ್ತಿರದಂತೆ ಕೇಳುವುದು ಬರೀ ಭ್ರಮೆಯಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಮೇಲಿನ ಪದರ ಬೆಚ್ಚಗೇ ಉಳಿಯುತ್ತದೆ. ಹಗಲು ಮೇಲಕ್ಕೆ ಬಾಗಿ ಹೋಗುತ್ತಿದ್ದ ಸದ್ದು ಆಗ ನೆಲದ ಕಡೆಗೆ ಬಾಗುತ್ತದೆ. ಹಗಲಲ್ಲಿ ಕಿವಿಗೇ ಬೀಳದ ಎರಡು ಕಿ.ಮೀ. ದೂರದ ಈಡು ರಾತ್ರಿ ಹಿತ್ತಲಲ್ಲೇ ಹೊಡೆದಂತೆ ಕೇಳುತ್ತದೆ. ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿದ್ದರೂ ಹಾಗೆಯೇ. ಹಾಗಾಗಿ ದಾಖಲೆಯಲ್ಲಿ ಗಾಳಿಯ ದಿಕ್ಕು, ಮೋಡ ಇತ್ತೇ ಇಲ್ಲವೇ ಎಂಬುದೂ ಇರಲಿ. ‘ಸದ್ದು ಜೋರಾಗಿತ್ತು, ಹತ್ತಿರವೇ ಹೊಡೆದರು’ ಎಂಬ ವಾದ ಅಳೆಯುವವರ ಮುಂದೆ ನಿಲ್ಲುವುದಿಲ್ಲ.

ಕಾಳುಮೆಣಸು:

ಇಷ್ಟೆಲ್ಲ ಲೆಕ್ಕ ಯಾಕೆ? ಬೆಳಕು ಕಂಡ ಕೂಡಲೇ ನಾಲ್ಕು ಜನ ಸೇರಿ ದೊಡ್ಡ ಟಾರ್ಚ್ ಹಿಡಿದು ನೇರ ಹೋಗಿ ಕೇಳಿದರೆ ಆಯಿತಲ್ಲ. ಮುಖ ಕಂಡರೆ ಮಾರನೇ ದಿನ ಬರುವುದಿಲ್ಲ.

ನಳಿಕೆ:

ಇದನ್ನು ಮಾತ್ರ ಯಾರೂ ಮಾಡಬೇಡಿ. ದಯವಿಟ್ಟು.

ಬೆಳಕು ಹಾಕಿ ಬೇಟೆಯಾಡುವವನು ಹುಡುಕುವುದು ಕಣ್ಣಿನ ಹೊಳಪನ್ನು. ನಾಯಿ, ದನ, ಕುರಿ, ಬೆಕ್ಕು ಎಲ್ಲದರ ಕಣ್ಣೂ ಹೊಳೆಯುತ್ತದೆ. ಶಾಖ ತೋರಿಸುವ ಥರ್ಮಲ್ ದೂರದರ್ಶಕ ಇದ್ದವನಿಗೆ ಕಾಣುವುದು ಬೆಳ್ಳಗಿನ ಒಂದು ಆಕಾರ ಮಾತ್ರ. ಪೊದೆಯ ಹಿಂದೆ ಬಗ್ಗಿ ನಡೆಯುವ ಮನುಷ್ಯನ ಅರ್ಧ ಮೈ ಅದರಲ್ಲಿ ಮನುಷ್ಯನಂತೆ ಕಾಣಲೇಬೇಕೆಂದಿಲ್ಲ. ಅದರ ಜೊತೆಗೆ, ಗುರಿಯ ಗಾಜಿನಲ್ಲಿ ಕಣ್ಣಿಟ್ಟವನಿಗೆ ಅಕ್ಕಪಕ್ಕದ್ದು ಕಾಣುವುದಿಲ್ಲ. ನಾಲ್ಕು ಕಡೆಯಿಂದ ಜನ ಬಂದರೆ ಮೊದಲು ಗುಂಡಿಗೆ ಸಿಗುವವರು ಆ ಬಂದವರೇ. ಬೇಟೆ ಕಾನೂನುಬಾಹಿರವಾಗಿದ್ದರೆ ಹೊಡೆಯುವವನು ಹೆದರಿದ್ದಾನೆ, ಕೈಯಲ್ಲಿ ಕೋವಿ ಇದೆ. ಅಲ್ಲಿಗೆ ಕತ್ತಲಲ್ಲಿ ಹೋಗುವುದು ಧೈರ್ಯದ ಕೆಲಸ ಅಲ್ಲ.

ಎದುರಿನಿಂದ ಅವರ ಕಣ್ಣಿಗೆ ಟಾರ್ಚ್ ಬಿಡಬೇಡಿ. ವಾಹನದ ದಾರಿಗೆ ಅಡ್ಡ ನಿಲ್ಲಬೇಡಿ. ಡ್ರೋನ್ ಹಾರಿಸಬೇಡಿ. ಹಟ್ಟಿಯ ಕಡೆಗೋ ಪಂಪಿನ ಕಡೆಗೋ ಹೋಗಲೇಬೇಕಾದರೆ ಅಡಗಿ ಹೋಗಬೇಡಿ: ಮನೆಯ ಹೊರಗಿನ ದೀಪ ಹಚ್ಚಿ, ಹಣೆಯ ದೀಪ ಹಾಕಿಕೊಂಡು, ಜೋರಾಗಿ ಮಾತಾಡುತ್ತ, ನೆಟ್ಟಗೆ ನಡೆಯಿರಿ. ವಾಹನ ಹತ್ತಿರ ಇದ್ದರೆ ಹಾರ್ನ್ ಬಾರಿಸಿ, ದೀಪ ಉರಿಯಲಿ. ದನಗಳನ್ನು ರಾತ್ರಿ ಬಯಲಲ್ಲಿ ಬಿಡುವವರು ಕೊರಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಕಟ್ಟುವುದು ಒಳ್ಳೆಯದು. ಥರ್ಮಲ್‌ನಲ್ಲಿ ಅದು ಕಾಣದು, ಟಾರ್ಚ್ ಬೇಟೆಗೆ ಮಾತ್ರ ಉಪಯೋಗ, ಆದರೂ ಇರಲಿ.

ಹೊಲದಂಚು:

ಕತ್ತಲಲ್ಲಿ ಹೋಗುವ ಯೋಚನೆ ಇಲ್ಲ. ಒಂದು ಅನುಮಾನ. ಸದ್ದು ಎರಡಾಗಿ ಕೇಳುತ್ತದೆ: ಮೊದಲು ಚೂಪಾದ ‘ಟಪ್’, ಅರ್ಧ ಸೆಕೆಂಡು ಬಿಟ್ಟು ಮಂದವಾದ ‘ಧಡ್’. ಎಲ್ಲ ರಾತ್ರಿಯೂ ಅಲ್ಲ, ಕೆಲವು ರಾತ್ರಿ ಮಾತ್ರ. ಇದು ಗುಡ್ಡದ ಪ್ರತಿಧ್ವನಿಯೇ?

ನಳಿಕೆ:

ಈ ಸಾಲು ಪ್ರಶ್ನೆಯಲ್ಲೇ ಇದ್ದಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ. ಇಡೀ ವಿಷಯದಲ್ಲಿ ತೂಕದ ಮಾತು ಇದೇ.

ಪ್ರತಿಧ್ವನಿಯಲ್ಲಿ ಎರಡನೆಯದು ಮೊದಲನೆಯದರದೇ ಜಾತಿ, ಸ್ವಲ್ಪ ಹರಡಿ ಮಸುಕಾಗಿರುತ್ತದೆ. ಚೂಪು ಮೊದಲು, ಮಂದ ಆಮೇಲೆ, ಎರಡಕ್ಕೂ ಬೇರೆ ಬೇರೆ ಬಣ್ಣ ಎಂದಾದರೆ ಅದು ರೈಫಲ್. ಮೊದಲನೆಯದು ಗುಂಡಿನ ಚಾಟಿ ಸದ್ದು, ಎರಡನೆಯದು ನಳಿಕೆಯದು. ಅರ್ಧ ಸೆಕೆಂಡಿನ ಅಂತರಕ್ಕೆ ದೂರ ಸುಮಾರು 300 ಮೀಟರ್, ಒಂದು ಸೆಕೆಂಡಿಗೆ ಸುಮಾರು 600. ಗುಂಡು ನಿಮ್ಮ ಹತ್ತಿರದಲ್ಲೇ ಹಾದಿದೆ ಎಂದು ಹಿಡಿದ ಅಂದಾಜು ಇದು. ಪಕ್ಕಕ್ಕೆ ಸರಿದು ಹೋಗಿದ್ದರೆ ಲೆಕ್ಕ ಬದಲಾಗುತ್ತದೆ.

ಚಾಟಿ ಸದ್ದು ಎಲ್ಲರಿಗೂ ಕೇಳುವುದಿಲ್ಲ. ಹೊಡೆಯುವವನ ಬೆನ್ನ ಹಿಂದಿರುವವರಿಗೆ ‘ಧಡ್’ ಒಂದೇ. ಗುಂಡು ಹೋಗುವ ಮುಂದಿನ ಬದಿಯಲ್ಲಿ, ಎಡಬಲಕ್ಕೆ ಅಗಲವಾಗಿ ಹರಡಿದ ಭಾಗದಲ್ಲಿ ಇರುವವರಿಗೆ ಮಾತ್ರ ಎರಡೂ ಕೇಳುತ್ತವೆ. ತಲೆಯ ಮೇಲೇ ಹಾದು ಹೋಯಿತು ಎಂದು ಇದರಿಂದ ಸಾಬೀತಾಗುವುದಿಲ್ಲ; ಆದರೆ ಮನೆ ನಳಿಕೆಯ ಮುಂದಿನ ಬದಿಯಲ್ಲಿದೆ ಎಂಬುದು ಖಚಿತ. ಕೆಲವು ರಾತ್ರಿ ಮಾತ್ರ ಕೇಳುತ್ತದೆ ಎಂದರೆ ಆ ರಾತ್ರಿಗಳಲ್ಲಿ ಬೇರೆ ಜಾಗದಿಂದ, ಬೇರೆ ದಿಕ್ಕಿಗೆ ಹೊಡೆಯುತ್ತಿದ್ದಾರೆ, ಇಲ್ಲವೇ ಬೇರೆ ಜನ ಬೇರೆ ಆಯುಧ ತಂದಿದ್ದಾರೆ. ಆ ರಾತ್ರಿಗಳನ್ನು ದಾಖಲೆಯಲ್ಲಿ ಪ್ರತ್ಯೇಕ ಗುರುತು ಹಾಕಿ.

ಇನ್ನೊಂದು: ಸೈಲೆನ್ಸರ್ ಹಾಕಿದ ರೈಫಲ್‌ನಲ್ಲಿ ‘ಧಡ್’ 20–30 ಡೆಸಿಬಲ್ ಇಳಿಯುತ್ತದೆ, ‘ಟಪ್’ ಇಳಿಯುವುದಿಲ್ಲ; ಅದು ನಳಿಕೆಯಿಂದ ಬರುವುದಲ್ಲ, ಗಾಳಿ ಸೀಳುವ ಗುಂಡಿನಿಂದ. ಆದ್ದರಿಂದ ಒಂಟಿ ‘ಟಪ್’ ಮಾತ್ರ ಕೇಳಿ ‘ಸಣ್ಣ ಸದ್ದು, ಸಣ್ಣ ಕೋವಿ’ ಎಂದು ಸುಮ್ಮನಾಗಬಾರದು.

ಅಂಥ ರಾತ್ರಿ ಎಲ್ಲರೂ ಒಳಗಿರಿ, ಆ ಬದಿಯ ಕಿಟಕಿಯಿಂದ ದೂರ, ದಪ್ಪ ಗೋಡೆಯ ಹಿಂದೆ. ತುರ್ತು ಸಂಖ್ಯೆಗೆ ಕರೆ ಮಾಡಿ. ಇದನ್ನು ಬೆಳಗಿನವರೆಗೆ ತಡೆದಿಡಬೇಡಿ.

ಕಲಂ:

ಕರೆ ಮಾಡಿದಾಗ ಹೇಳುವ ಕ್ರಮವೂ ಮುಖ್ಯ. ‘ಯಾರೋ ರಾತ್ರಿಯೆಲ್ಲ ಗುಂಡು ಹೊಡೆದು ನಿದ್ದೆ ಕೆಡಿಸುತ್ತಿದ್ದಾರೆ’ ಎಂದು ಶುರುಮಾಡಿದರೆ ಅದು ಸದ್ದಿನ ದೂರಾಗಿ ಸಾಲಿನ ಕೊನೆಗೆ ಸೇರುತ್ತದೆ. ಮೊದಲ ವಾಕ್ಯದಲ್ಲಿ ಅಪಾಯ, ಎರಡನೆಯದರಲ್ಲಿ ಜಾಗ: ‘ಜನವಾಸದ ಮನೆಯ ದಿಕ್ಕಿಗೆ ರೈಫಲ್ ಗುಂಡು ಹಾರುತ್ತಿದೆ, ಈಗಲೂ ನಡೆಯುತ್ತಿದೆ. ಜಾಗ ಇಂಥದ್ದು, ಮನೆಯಿಂದ ಇಂಥ ದಿಕ್ಕಿಗೆ ಸುಮಾರು ಇಷ್ಟು ಮೀಟರ್.’ ಆಮೇಲೆ ಎಷ್ಟು ಈಡು, ಎಷ್ಟು ಬೆಳಕು, ವಾಹನ ಇದ್ದರೆ ಎಲ್ಲಿ ನಿಂತಿದೆ, ಯಾವ ದಾರಿಯಿಂದ ಬಂದರೆ ಪೊಲೀಸರು ಗುಂಡಿನ ಎದುರಿಗೆ ಬರುವುದಿಲ್ಲ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಕರೆಯ ದಾಖಲೆ ಸಂಖ್ಯೆ ಕೇಳಿ ಬರೆದುಕೊಳ್ಳಿ. ಒಂದೇ ವಿಷಯಕ್ಕೆ ಐದು ಸಲ ಕರೆ ಹೋಗಿದೆ ಎಂದು ತೋರಿಸಲು ಆ ಸಂಖ್ಯೆಗಳೇ ಬೇಕು.

ಕಾನೂನು ದೇಶದಿಂದ ದೇಶಕ್ಕೆ ತೀರ ಬೇರೆ. ರಾತ್ರಿಯ ಈಡು ಎಂದ ಮಾತ್ರಕ್ಕೆ ಅಪರಾಧ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಜಮೀನಿನವರ ಅನುಮತಿ ಇದ್ದರೆ ನರಿಯನ್ನು ರಾತ್ರಿ ಬೆಳಕು ಹಾಕಿ ಹೊಡೆಯಬಹುದು. ಜಿಂಕೆಗೆ ಮಾತ್ರ 1991ರ ಜಿಂಕೆ ಕಾಯ್ದೆಯ ತಡೆ ಇದೆ: ಸೂರ್ಯಾಸ್ತವಾಗಿ ಒಂದು ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನವರೆಗೆ ವಿಶೇಷ ಪರವಾನಗಿ ಇಲ್ಲದೆ ಹೊಡೆಯುವಂತಿಲ್ಲ. ಅನುಮತಿ ಇಲ್ಲದೆ ಇನ್ನೊಬ್ಬರ ಜಮೀನಿಗೆ ಕೋವಿ ಹಿಡಿದು ನುಗ್ಗಿದರೆ 1968ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಭಾರತದಲ್ಲಿ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಲಂ 9ರಂತೆ ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆ ನಿಷಿದ್ಧ. ಜೀವಕ್ಕೆ ಅಥವಾ ಬೆಳೆಗೆ ಅಪಾಯ ಒಡ್ಡುವ ಪ್ರಾಣಿಗೆ ಕಲಂ 11ರಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಬೆಳೆ ರಕ್ಷಣೆಗೆ ಕೋವಿ ಪರವಾನಗಿ ಇದೆ ಎಂಬುದು ಪ್ರಾಣಿ ಹೊಡೆಯುವ ಅನುಮತಿ ಅಲ್ಲ. ಪರವಾನಗಿಯ ಷರತ್ತು ಮೀರಿದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 30 ಇದೆ. ಇತರರ ಜೀವಕ್ಕೆ ಕುತ್ತು ತರುವ ದುಡುಕಿನ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಇದೆ. ಅಲ್ಲಿ ದೂರು ಪೊಲೀಸರ ಜೊತೆಗೆ ಅರಣ್ಯ ಇಲಾಖೆಗೂ ಹೋಗಬೇಕು.

ಡೆಸಿಬಲ್ ಹಾದಿ ಹಿಡಿಯಬೇಡಿ ಎಂದೇ ಸಲಹೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ ಇದೆ, ನಿಜ. ಆದರೆ ಅದು ಸಮಯದ ಮೇಲೆ ಹರಡಿದ ಸರಾಸರಿ. ಒಂದು ಈಡಿನ ಸದ್ದು ಕೆಲವೇ ಮಿಲಿಸೆಕೆಂಡು ಇರುತ್ತದೆ. ನಾಲ್ಕಾರು ಈಡು ಸರಾಸರಿಯಲ್ಲಿ ಕರಗಿಹೋಗುತ್ತವೆ. ಗ್ಯಾಸ್ ಗನ್ನಿನ ವಿಷಯದಲ್ಲಿ ಶಬ್ದದ ನಿಯಮ ಉಪಯೋಗಕ್ಕೆ ಬರುತ್ತದೆ. ರಾತ್ರಿ ಸದ್ದಿನ ಪಟಾಕಿ ಸಿಡಿಸುವುದಕ್ಕಂತೂ ಅದೇ ನಿಯಮಗಳಲ್ಲಿ ನೇರ ನಿಷೇಧ ಇದೆ. ಕೋವಿಗೆ ಹಿಡಿಯಬೇಕಾದ ದಾರಿ ಪರವಾನಗಿ, ದಿಕ್ಕು, ಅಪಾಯ. ಮೇಲಿಂದ ಮೇಲೆ ನಡೆಯುವ ಉಪದ್ರವ ತಡೆಯಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133 ಅದೇ.

ಬೆಳಿಗ್ಗೆ ಖಾಲಿ ತೋಟಾ ಸಿಕ್ಕರೆ ಕೈಯಿಂದ ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ, ಆಮೇಲೆ ಸುತ್ತಲಿನ ಜಾಗ ಕಾಣುವಂತೆ ಇನ್ನೊಂದು ಫೋಟೊ ತೆಗೆದು, ಮೇಲೆ ಬಕೆಟ್ ಬೋರಲು ಹಾಕಿ ಬಿಡಿ. ಗೋಡೆಯಲ್ಲಿ ತೂತು ಬಿದ್ದಿದ್ದರೆ ಒಳಗೆ ಕಡ್ಡಿ ಹಾಕಿ ಕೆದಕಬೇಡಿ. ಆ ತೂತಿನ ಓರೆಯೇ ಗುಂಡು ಬಂದ ದಾರಿ ಹೇಳುತ್ತದೆ.

ದಿಕ್ಸೂಚಿ:

ಧ್ವನಿಮುದ್ರಣದ ಬಗ್ಗೆ ಒಂದು ಎಚ್ಚರಿಕೆ. ಮೊಬೈಲ್‌ನ ಸದ್ದಳೆಯುವ ಆ್ಯಪ್ ತೋರಿಸುವ ಅಂಕಿಯನ್ನು ದೂರಿನಲ್ಲಿ ಬರೆಯಬೇಡಿ. ಈಡಿನ ಶಿಖರ ಬರುವಷ್ಟರಲ್ಲಿ ಮೈಕು ತುಂಬಿ ತುದಿ ಕತ್ತರಿಸುತ್ತದೆ, ತಾನೇ ತಾನಾಗಿ ಧ್ವನಿ ತಗ್ಗಿಸುವ ವ್ಯವಸ್ಥೆ ಉಳಿದದ್ದನ್ನು ಕೆಡಿಸುತ್ತದೆ. ಮುದ್ರಣ ಬೇಕಿರುವುದು ಎಷ್ಟು ಹೊತ್ತಿಗೆ, ಎಷ್ಟು ಈಡು, ಒಂಟಿಯೋ ಜೋಡಿಯೋ, ‘ಟಪ್–ಧಡ್’ ಅಂತರ ಎಷ್ಟು ಎಂಬುದಕ್ಕೆ. ಮೊಬೈಲ್ ಅನ್ನು ಮಡಿಸಿದ ಬಟ್ಟೆಯ ಮೇಲೆ, ಗಾಳಿ ಬಡಿಯದ ಕಡೆ, ಗೋಡೆಯ ಮೂಲೆಯಿಂದ ದೂರ ಇಡಿ. ಸಿಗುವುದಾದರೆ ಸಂಕುಚಿಸದ ಮಾದರಿಯಲ್ಲಿ ಮುದ್ರಿಸಿ. ಮೂಲ ಕಡತವನ್ನು ಕತ್ತರಿಸಬೇಡಿ, ಹೆಸರು ಕೂಡ ಬದಲಿಸಬೇಡಿ; ಕೇಳಿಸಲು ಬೇಕಾದ ತುಣುಕನ್ನು ಪ್ರತಿಯಿಂದ ತೆಗೆಯಿರಿ.

ಬೇಲಿಗೂಟ:

ಪೊಲೀಸರ ಭಾಗ ಬೇರೆ. ಉಳಿದ ರಾತ್ರಿಗಳಲ್ಲಿ ಹೊಡೆಯುತ್ತಿರುವವರು ಬೆಳೆ ಕಾಯುವವರೇ ಆಗಿದ್ದರೆ ಮಾತಿನಿಂದ ಆಗುವ ಕೆಲಸ ಇದೆ.

ಹಗಲು ಹೋಗಿ, ಜಗಳದ ಮಾರನೇ ದಿನ ಬೇಡ. ಜಮೀನಿನ ಒಡೆಯರು ಬೇರೆ, ಸಾಗು ಮಾಡುವವರು ಬೇರೆ, ಹೊಡೆಯುವವರು ಇನ್ನೂ ಬೇರೆ ಆಗಿರಬಹುದು. ಮೂವರಿಗೂ ಒಂದೇ ಮಾತು ಮುಟ್ಟದಿದ್ದರೆ ಒಪ್ಪಂದ ಎರಡನೇ ವಾರಕ್ಕೇ ಮುರಿಯುತ್ತದೆ. ಒಡೆಯರು ಒಬ್ಬರಿಗೆ ಒಪ್ಪಿಗೆ ಕೊಟ್ಟಿರುತ್ತಾರೆ, ಅವನು ಸ್ನೇಹಿತರನ್ನು ಕರೆತಂದಿರುತ್ತಾನೆ, ಆ ಸ್ನೇಹಿತರಿಗೆ ಅಲ್ಲಿ ಮನೆ ಇರುವುದೇ ತಿಳಿದಿರುವುದಿಲ್ಲ. ಹಾಗಾಗಿ ಕೈಯಲ್ಲಿ ನಕ್ಷೆ ಒಯ್ಯಿರಿ: ಮನೆ, ಹಟ್ಟಿ, ಪಂಪು, ಜನ ನಡೆಯುವ ಕಾಲುದಾರಿ, ರಾತ್ರಿ ನೀರು ಕಟ್ಟಲು ಹೋಗುವ ಜಾಗ ಎಲ್ಲ ಗುರುತು ಹಾಕಿ ಒಂದು ಪ್ರತಿ ಕೊಟ್ಟು ಬನ್ನಿ. ಕೇಳಬೇಕಾದದ್ದು ನಾಲ್ಕು: ಯಾರಿಗೆ ಒಪ್ಪಿಗೆ ಇದೆ, ಯಾವ ಪ್ರಾಣಿಗೆ, ಎಲ್ಲಿ ನಿಂತು ಎತ್ತ ಕಡೆಗೆ, ಎಷ್ಟು ಗಂಟೆವರೆಗೆ. ಹೊರಡುವ ಒಂದು ಗಂಟೆ ಮುಂಚೆ ಒಂದು ಸಂದೇಶ ಕಳಿಸುತ್ತೇವೆ ಎಂದು ಒಪ್ಪಿದರೆ ಅರ್ಧ ಗೆದ್ದ ಹಾಗೆ. ದನ ಕಟ್ಟಿಹಾಕಲು, ನಾಯಿಯನ್ನು ಒಳಗೆ ತರಲು ಸಮಯ ಸಿಗುತ್ತದೆ. ಅಷ್ಟೇ ಅಲ್ಲ, ಸಂದೇಶ ಬಾರದ ರಾತ್ರಿ ಸದ್ದು ಕೇಳಿದರೆ ಅದು ಹೊರಗಿನವರದು ಎಂದು ಎರಡೂ ಕಡೆಯವರಿಗೂ ತಿಳಿಯುತ್ತದೆ. ಜಮೀನಿನವರಿಗೆ ಇದು ಲಾಭದ ಮಾತೇ.

ಮನೆಯ ಕಡೆಗೆ ಬೆನ್ನು ಮಾಡಿ, ಗುಡ್ಡದ ಮಣ್ಣಿಗೆ ಎದುರಾಗಿ ನಿಲ್ಲಬೇಕು ಎಂಬ ಷರತ್ತು ಸದ್ದಿಗೂ ಒಳ್ಳೆಯದು. ನಳಿಕೆಯ ಹಿಂದೆ ಸದ್ದು ಮುಂದಿಗಿಂತ ಕಡಿಮೆ.

ಗ್ಯಾಸ್ ಗನ್ ಆದರೆ ಕೊಳವೆಯನ್ನು ಮನೆಯಿಂದ ಆಚೆಗೆ ತಿರುಗಿಸಿ, ಹಿಂದೆ ಮತ್ತು ಎರಡು ಬದಿಗೆ ಹುಲ್ಲಿನ ಕಟ್ಟುಗಳನ್ನು ಲಾಳದಾಕಾರದಲ್ಲಿ ಕೊಳವೆಗಿಂತ ಎತ್ತರಕ್ಕೆ ಒಟ್ಟಿ. ಕಿಡಿ ತಾಗದಷ್ಟು ಅಂತರ ಬಿಡಿ. ತಗಡಿನ ಶೆಡ್ಡಿನ ಎದುರು ಇಟ್ಟರೆ ಸದ್ದು ತಿರುಗಿ ಬರುತ್ತದೆ. ಒಂದೇ ಜಾಗದಲ್ಲಿ ಬಿಟ್ಟರೆ ಪ್ರಾಣಿಗಳಿಗೆ ಕೆಲವೇ ದಿನದಲ್ಲಿ ರೂಢಿಯಾಗುತ್ತದೆ. ಆಮೇಲೆ ಎಚ್ಚರವಾಗುವುದು ಮನುಷ್ಯರಿಗೆ ಮಾತ್ರ.

ಈಡಿನ ಅಗತ್ಯವನ್ನೇ ಇಳಿಸುವುದು ವಿದ್ಯುತ್ ಬೇಲಿ. ಹಂದಿಗೆ ನೆಲದಿಂದ 20–25 ಸೆಂ.ಮೀ.ಗೆ ಒಂದು, 45–50ಕ್ಕೆ ಇನ್ನೊಂದು ತಂತಿ. ಮೂತಿಯ ಎತ್ತರಕ್ಕೆ ಮೊದಲ ತಂತಿ ಸಿಗಬೇಕು. ಅದಕ್ಕಿಂತ ಮೇಲಿದ್ದರೆ ತಲೆ ತೂರಿಸಿದ ಮೇಲೆ ಹೊಡೆತ ಬೀಳುತ್ತದೆ, ಪ್ರಾಣಿ ಮುಂದಕ್ಕೇ ಓಡುತ್ತದೆ. ಬೇಲಿಯ ಕೊನೆಯಲ್ಲಿ 4000 ವೋಲ್ಟ್‌ಗಿಂತ ಇಳಿಯಬಾರದು. ಇಳಿಯುವುದಕ್ಕೆ ಎರಡೇ ದೊಡ್ಡ ಕಾರಣ: ತಂತಿಗೆ ತಾಗುವ ಹುಲ್ಲು, ಕೆಟ್ಟ ಅರ್ಥಿಂಗ್. ಒಂದು ಮೀಟರ್ ಆಳದ ಮೂರು ಸರಳು, ಮೂರು ಮೂರು ಮೀಟರ್ ಅಂತರದಲ್ಲಿ, ತೇವ ಇರುವ ಕಡೆ ಹೊಡೆಯಿರಿ. ಪರೀಕ್ಷೆಗೆ, ಬೇಲಿಗೆ ವಿದ್ಯುತ್ ಮಿಡಿತ ಕೊಡುವ ಯಂತ್ರದಿಂದ 100 ಮೀಟರ್ ಆಚೆ ತಂತಿಗೂ ನೆಲಕ್ಕೂ ಕಬ್ಬಿಣದ ಸರಳು ಒರಗಿಸಿ ಬೇಲಿಯ ವೋಲ್ಟ್ ಬೀಳಿಸಿ, ಆಗ ಅರ್ಥಿಂಗ್ ಸರಳಿನ ಮೇಲೆ ಅಳೆಯಿರಿ. ಅಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಬಂದರೆ ಇನ್ನೊಂದು ಸರಳು ಬೇಕು. ಸರಳು ಒರಗಿಸುವ ಮುಂಚೆ ಯಂತ್ರ ಆರಿಸಿ, ಆಮೇಲೆ ಹಾಕಿ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮ. ಬೇಲಿಗೆಂದೇ ಮಾಡಿದ, ಸೆಕೆಂಡಿಗೊಂದು ಚಿಕ್ಕ ಮಿಡಿತ ಬಿಡುವ ಯಂತ್ರವೇ ಇರಬೇಕು.

ಹೊಲದಂಚು:

ನಾಯಿ ಮತ್ತು ದನದ ಬಗ್ಗೆ?

ಬೇಲಿಗೂಟ:

ನಾಯಿಯನ್ನು ಹೊರಗೆ ಸರಪಳಿಯಲ್ಲಿ ಬಿಡಬೇಡಿ. ಹೆದರಿ ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ, ಕಿತ್ತುಕೊಂಡರೆ ಓಡುವುದು ಹೊಲಕ್ಕೇ. ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಫ್ಯಾನ್ ಅಥವಾ ರೇಡಿಯೊ ಸದ್ದು ಹಾಕಿ ಬಿಡಿ. ತೀರ ನಡುಗುವ ನಾಯಿಗೆ ಪಶುವೈದ್ಯರು ಔಷಧಿ ಕೊಡುತ್ತಾರೆ, ಆದರೆ ಸದ್ದು ಶುರುವಾಗುವ ಮುಂಚೆ ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಮುಂಚೆಯೇ ಸಂದೇಶ ಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ದನದ ಹಗ್ಗಕ್ಕೆ ಎಳೆದರೆ ಬಿಗಿಯುವ ಕುಣಿಕೆ ಬೇಡ, ಅವಸರಕ್ಕೆ ಒಂದೇ ಜಗ್ಗಿಗೆ ಬಿಚ್ಚಬಹುದಾದ ಗಂಟು ಇರಲಿ. ಗುಡ್ಡದ ಬದಿಯ ಕೊಟ್ಟಿಗೆಯ ಕಿಂಡಿಗೆ ಗೋಣಿ ಇಳಿಬಿಟ್ಟರೆ ಬೆಳಕು ಓಡಾಡುವುದು ಕಾಣುವುದಿಲ್ಲ. ಬೆಚ್ಚುವುದು ಅರ್ಧ ಬೆಳಕಿಗೆ.

ಕಲಂ:

ದಾಖಲೆಯ ಮಾದರಿ ಕೊಟ್ಟು ಮುಗಿಸುತ್ತೇನೆ. ಪ್ರತಿ ರಾತ್ರಿಗೆ ಒಂದು ಸಾಲು, ಆಗಲೇ ಬರೆದದ್ದು, ಪುಟ ಕೀಳಲಾಗದ ಪುಸ್ತಕದಲ್ಲಿ. ಎರಡು ವಾರ ಆದರೂ ಇರಲಿ. ಹೀಗೆ:

‘ಮಂಗಳವಾರ. ಮೊದಲ ಈಡು ರಾತ್ರಿ 11:42, ಕೊನೆಯದು 12:20. ಒಟ್ಟು 9, ಅದರಲ್ಲಿ 4 ಟಪ್–ಧಡ್, ಅಂತರ ಸುಮಾರು ಅರ್ಧ ಸೆಕೆಂಡು. ಹಿತ್ತಲ ಬಾಗಿಲಿಂದ ದಿಕ್ಕು 310 ಡಿಗ್ರಿ, ಪಕ್ಕದ ಮನೆಯಿಂದ 265. ಬೆಳಕು ಎರಡು, ಗುಡ್ಡದ ನಡುವಿಂದ ಕೆಳಕ್ಕೆ ಬಂತು. ಗಾಳಿ ಇಲ್ಲ, ಮೋಡ ಇಲ್ಲ. ಮುಂಚೆ ಸಂದೇಶ ಬಂದಿಲ್ಲ. ಮುದ್ರಣ ಇದೆ. 11:50ಕ್ಕೆ ಕರೆ ಮಾಡಿದೆ, ದಾಖಲೆ ಸಂಖ್ಯೆ ಇಂಥದ್ದು.’

ಊಹೆ, ಹೆಸರು, ಬೈಗುಳ ಒಂದೂ ಇದರಲ್ಲಿ ಬೇಡ. ಯಾರಿರಬಹುದು ಎಂಬ ಅನುಮಾನ ಇದ್ದರೆ ಬೇರೆ ಹಾಳೆಯಲ್ಲಿ ಬರೆದು, ಕೇಳಿದಾಗ ಮಾತ್ರ ಕೊಡಿ. ಟಪ್–ಧಡ್ ರಾತ್ರಿಗಳ ಸಾಲಿಗೆ ಕೆಂಪು ಗೆರೆ ಹಾಕಿ ಅವುಗಳನ್ನೇ ದೂರಿನ ಮೊದಲ ಪುಟಕ್ಕೆ ತನ್ನಿ. ಉಳಿದವು ಹಿಂದೆ ಲಗತ್ತಾಗಿ ಹೋಗಲಿ.